ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಲು ಸಮಗ್ರ ಮಾರ್ಗದರ್ಶಿ

ಎರಡು ಊರಿನ ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ದೂರ ಇಷ್ಟು, ಹಾರಾಟ ಇಷ್ಟು ನಿಮಿಷ ಎಂದು ತಕ್ಷಣ ಹೇಳುವ ಸೈಟುಗಳು ಬೇಕಾದಷ್ಟಿವೆ. ಹುಬ್ಬಳ್ಳಿ–ಮಂಗಳೂರು ಹಾಕಿದರೆ 267 ಕಿ.ಮೀ. ಆಸುಪಾಸಿನ ಒಂದು ಅಂಕಿ ಬರುತ್ತದೆ. ಹಾರಾಟಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಎಂದೆಲ್ಲ ಬರುತ್ತದೆ. ಆಮೇಲೆ ಟಿಕೆಟ್ ನೋಡಲು ಹೋದರೆ ಬೆಂಗಳೂರಿನ ಮೇಲೆ ನಾಲ್ಕೈದು ಗಂಟೆಯ ಪ್ರಯಾಣ ಕಾಣಿಸುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ, ಅಷ್ಟೇ. ಸೈಟು ಹೇಳುವುದು ವಿಮಾನದ ಲೆಕ್ಕ. ನಮಗೆ ಬೇಕಾದದ್ದು ಮನೆ ಬಾಗಿಲಿನಿಂದ ಆ ಬಾಗಿಲವರೆಗಿನ ಲೆಕ್ಕ.

ಈ ದಾರಿ ಬೇಕಾದವರು ಬಹಳ ಜನ ಇದ್ದಾರೆ. ಮಂಗಳೂರಿನಿಂದ ದುಬೈ ವಿಮಾನ ಹಿಡಿಯುವ ಧಾರವಾಡ, ಗದಗ ಕಡೆಯವರು, ಅಪ್ಪ ಅಮ್ಮನನ್ನು ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವವರು, ಅಲ್ಲೇ ಓದುತ್ತಿರುವ ಮಕ್ಕಳು. ಇವರಿಗೆ ಅರ್ಧ ದಿನದ ತಪ್ಪು ಅಂದಾಜು ಸಣ್ಣ ವಿಷಯ ಅಲ್ಲ. ಲೆಕ್ಕ ಹಾಕುವುದು ಕಷ್ಟವೂ ಅಲ್ಲ. ಒಂದು ಹಾಳೆ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಇಲ್ಲಿ ಹುಬ್ಬಳ್ಳಿ–ಮಂಗಳೂರನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಕ್ರಮ ಗೊತ್ತಾದರೆ ಬೇರೆ ಯಾವ ಎರಡು ಊರಿಗೂ ಹೀಗೇ ಮಾಡಬಹುದು.

ಹಂತ 1: ನಿಲ್ದಾಣ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಕೋಡ್ ಇರುತ್ತದೆ. ಹುಬ್ಬಳ್ಳಿಯದು ಎಚ್‌ಬಿಎಕ್ಸ್, ಮಂಗಳೂರಿನದು ಐಎಕ್ಸ್‌ಇ, ಬೆಂಗಳೂರಿನದು ಬಿಎಲ್‌ಆರ್. ಬೆಳಗಾವಿ ಐಎಕ್ಸ್‌ಜಿ, ಮಧುರೈ ಐಎಕ್ಸ್‌ಎಂ. ಕೊನೆಯ ಒಂದು ಅಕ್ಷರ ತಪ್ಪಿದರೆ ಬೇರೆ ಊರೇ ಬಂದುಬಿಡುತ್ತದೆ, ಹಾಗಾಗಿ ಕೋಡ್ ಜೊತೆ ಊರಿನ ಹೆಸರನ್ನೂ ನೋಡಿ. ಹುಬ್ಬಳ್ಳಿಗೆ ಯುಬಿಎಲ್ ಎಂದು ಟೈಪ್ ಮಾಡುವ ಅಭ್ಯಾಸ ಹಲವರಿಗಿದೆ. ಅದು ರೈಲ್ವೆಯಲ್ಲಿ ಬಳಕೆಯಲ್ಲಿದ್ದ ಕೋಡ್. ವಿಮಾನಕ್ಕೆ ನಡೆಯುವುದಿಲ್ಲ.

ಹತ್ತಿರದಲ್ಲಿ ಇನ್ನೊಂದು ನಿಲ್ದಾಣ ಇದೆಯಾ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಧಾರವಾಡದಲ್ಲಿರುವವರಿಗೆ ಹುಬ್ಬಳ್ಳಿ ಗೋಕುಲ್ ರಸ್ತೆಯ ನಿಲ್ದಾಣ ಹತ್ತಿರ. ಕಿತ್ತೂರಿನವರು ಮಾತ್ರ ಬೆಳಗಾವಿಯ ಸಾಂಬ್ರಾ ನಿಲ್ದಾಣದ ವೇಳಾಪಟ್ಟಿಯನ್ನೂ ತೆಗೆದು ನೋಡುವುದು ಒಳ್ಳೆಯದು.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇಯ ನಡುಮಧ್ಯಕ್ಕೆ ಬೆರಳು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ, ಜೊತೆಗೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಶಮಾಂಶದ ಎರಡು ಸ್ಥಾನ ಸಾಕು.

ಹುಬ್ಬಳ್ಳಿ: 15.36 ಉತ್ತರ, 75.08 ಪೂರ್ವ
ಮಂಗಳೂರು: 12.96 ಉತ್ತರ, 74.89 ಪೂರ್ವ
ಬೆಂಗಳೂರು: 13.20 ಉತ್ತರ, 77.71 ಪೂರ್ವ

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಕೆಲವು ಕಡೆ ಇದೇ ಸ್ಥಾನವನ್ನು ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಕೊಟ್ಟಿರುತ್ತಾರೆ. ಮಂಗಳೂರಿನದು 12 ಡಿಗ್ರಿ 57 ನಿಮಿಷ 41 ಸೆಕೆಂಡ್. ಇದನ್ನು ಸುಮ್ನೆ 12.57 ಎಂದು ಬರೆದರೆ ಕೆಟ್ಟಿತು. ಒಂದು ಡಿಗ್ರಿಗೆ 60 ನಿಮಿಷ, ಆದ್ದರಿಂದ 57 ನಿಮಿಷ 41 ಸೆಕೆಂಡನ್ನು 60ರಿಂದ ಭಾಗಿಸಬೇಕು. ಆಗ 0.96 ಬರುತ್ತದೆ. ಹುಬ್ಬಳ್ಳಿಯ 15 ಡಿಗ್ರಿ 21 ನಿಮಿಷ 42 ಸೆಕೆಂಡ್ ಹೀಗೆಯೇ 15.36 ಆಗುತ್ತದೆ. ಭಾಗಿಸದೆ 15.21ರಲ್ಲಿ 12.57 ಕಳೆದರೆ ವ್ಯತ್ಯಾಸ 2.40 ಬದಲು 2.64 ಆಗುತ್ತದೆ. ಅಷ್ಟಕ್ಕೇ ಸುಮಾರು 27 ಕಿ.ಮೀ. ಜಾಸ್ತಿ. ಉತ್ತರ ನೋಡಲು ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಹಂತ 3: ನೇರ ದೂರ ಲೆಕ್ಕ ಹಾಕಿ

ವಿಮಾನದವರು ದೂರ ಅಳೆಯುವುದು ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಈ ಅಳತೆ ಹುಟ್ಟಿದ್ದೇ ಅಕ್ಷಾಂಶದಿಂದ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಒಂದು ಡಿಗ್ರಿಗೆ 60. ಇದೊಂದು ಗೊತ್ತಿದ್ದರೆ ಅರ್ಧ ಲೆಕ್ಕ ಬಾಯಲ್ಲೇ ಮುಗಿಯುತ್ತದೆ.

ಮೊದಲು ಉತ್ತರ–ದಕ್ಷಿಣ ದೂರ. 15.36ರಲ್ಲಿ 12.96 ಕಳೆದರೆ 2.40 ಡಿಗ್ರಿ. ಅದನ್ನು 60ರಿಂದ ಗುಣಿಸಿದರೆ 144 ನಾಟಿಕಲ್ ಮೈಲಿ.

ಆಮೇಲೆ ಪೂರ್ವ–ಪಶ್ಚಿಮ ದೂರ. 75.08ರಲ್ಲಿ 74.89 ಕಳೆದರೆ 0.19 ಡಿಗ್ರಿ. 60ರಿಂದ ಗುಣಿಸಿದರೆ 11.4. ಇದಕ್ಕೆ ಇನ್ನೊಂದು ಗುಣಾಕಾರ ಬೇಕು. ರೇಖಾಂಶದ ಗೆರೆಗಳು ಧ್ರುವಗಳ ಕಡೆ ಹೋದಂತೆ ಹತ್ತಿರ ಬರುತ್ತವೆ, ಹಾಗಾಗಿ ನಮ್ಮ ಕಡೆ ಒಂದು ಡಿಗ್ರಿ ರೇಖಾಂಶಕ್ಕೆ 60 ನಾಟಿಕಲ್ ಮೈಲಿಗಿಂತ ಸ್ವಲ್ಪ ಕಡಿಮೆ. ಎರಡು ಊರುಗಳ ಸರಾಸರಿ ಅಕ್ಷಾಂಶ ತೆಗೆದುಕೊಂಡು ಅದರ ಕೊಸೈನ್‌ನಿಂದ ಗುಣಿಸಬೇಕು. ಕರ್ನಾಟಕಕ್ಕೆ ಬೇಕಾದ ಬೆಲೆಗಳು ಹೀಗಿವೆ: ಮೈಸೂರಿನ ಮಟ್ಟದಲ್ಲಿ, ಅಂದರೆ 12 ಡಿಗ್ರಿಗೆ 0.978. 13ಕ್ಕೆ 0.974, 14ಕ್ಕೆ 0.970, 15ಕ್ಕೆ 0.966, 16ಕ್ಕೆ 0.961, 17ಕ್ಕೆ 0.956, ಬೀದರ್ ಹತ್ತಿರದ 18ಕ್ಕೆ 0.951. ನಮ್ಮ ಸರಾಸರಿ 14ರ ಸುತ್ತ ಇದೆ. 11.4ನ್ನು 0.97ರಿಂದ ಗುಣಿಸಿದರೆ 11.

ಈಗ ಶಾಲೆಯಲ್ಲಿ ಕಲಿತ ಪೈಥಾಗರಸ್ ಪ್ರಮೇಯ. 144ರ ವರ್ಗ 20,736. 11ರ ವರ್ಗ 121. ಎರಡೂ ಕೂಡಿಸಿ ವರ್ಗಮೂಲ ತೆಗೆದರೆ 144.4 ನಾಟಿಕಲ್ ಮೈಲಿ. 1.852ರಿಂದ ಗುಣಿಸಿ: 267 ಕಿ.ಮೀ.

ಉತ್ತರ ಬಂತಲ್ವಾ? ಮಂಗಳೂರು ಹುಬ್ಬಳ್ಳಿಗೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ, ಅದಕ್ಕೇ ಪೂರ್ವ–ಪಶ್ಚಿಮದ 11 ಮೈಲಿಗೆ ಇಲ್ಲಿ ಹೆಚ್ಚು ಕೆಲಸ ಇಲ್ಲ. ಓರೆಯಾಗಿರುವ ಊರುಗಳಲ್ಲಿ ಅದರ ಪ್ರಭಾವ ಗೊತ್ತಾಗುತ್ತದೆ. ಕಲಬುರಗಿ–ಮಂಗಳೂರು ತೆಗೆದುಕೊಂಡು ನೀವೇ ಮಾಡಿ ನೋಡಿ. ಕಲಬುರಗಿ ನಿಲ್ದಾಣ 17.31 ಉತ್ತರ, 76.96 ಪೂರ್ವದಲ್ಲಿದೆ. ಉತ್ತರ–ದಕ್ಷಿಣ 261, ಪೂರ್ವ–ಪಶ್ಚಿಮ 120 ಬರಬೇಕು. ಒಟ್ಟು 287 ನಾಟಿಕಲ್ ಮೈಲಿ, ಅಂದರೆ ಸುಮಾರು 530 ಕಿ.ಮೀ.

ಸೈಟುಗಳು ಒಂದೊಂದು ಕಿಲೋಮೀಟರ್ ಹೆಚ್ಚುಕಡಿಮೆ ತೋರಿಸುವುದಕ್ಕೂ ಕಾರಣ ಇದೆ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಗುಂಡಗಿದೆ ಎಂದುಕೊಂಡರೆ ಒಂದು ಡಿಗ್ರಿ ಅಕ್ಷಾಂಶಕ್ಕೆ 111.2 ಕಿ.ಮೀ. ನಿಜವಾದ ಆಕಾರ ಹಿಡಿದರೆ ನಮ್ಮ ಅಕ್ಷಾಂಶದಲ್ಲಿ 110.6. ಎರಡೂವರೆ ಡಿಗ್ರಿ ದೂರಕ್ಕೆ ಒಂದೂವರೆ ಕಿಲೋಮೀಟರ್ ವ್ಯತ್ಯಾಸ ಅಲ್ಲೇ ಬಂತು. ಪ್ರಯಾಣಿಕರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ವಿಧಾನ ಸಾವಿರ ಕಿಲೋಮೀಟರ್ ಒಳಗಿನ ದೂರಕ್ಕೆ ಚೆನ್ನಾಗಿ ನಡೆಯುತ್ತದೆ. ಖಂಡಗಳನ್ನು ದಾಟುವ ಹಾರಾಟಕ್ಕೆ ನಡೆಯುವುದಿಲ್ಲ, ಅಲ್ಲಿ ಭೂಮಿಯ ಬಾಗು ಲೆಕ್ಕಕ್ಕೆ ಬರುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು. ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದ ಹಾರಾಟ ಅದು. ಗೋಡೆಯ ಭೂಪಟದಲ್ಲಿ ಅದು ಸುತ್ತು ದಾರಿಯಂತೆ ಕಾಣುತ್ತದೆ. ಗ್ಲೋಬ್ ತೆಗೆದುಕೊಂಡು ಎರಡು ಊರಿನ ನಡುವೆ ದಾರ ಎಳೆದು ನೋಡಿ, ದಾರ ಉತ್ತರಕ್ಕೇ ಹೋಗುತ್ತದೆ.

ಲೆಕ್ಕ ತಾಳೆ ನೋಡಲು ಗೂಗಲ್ ಮ್ಯಾಪ್ಸ್‌ನಲ್ಲೇ ದೂರ ಅಳೆಯುವ ಸೌಲಭ್ಯ ಇದೆ. ಪಿನ್ ಹಾಕಿದ ಮೇಲೆ ಅದನ್ನು ಆರಿಸಿ, ಇನ್ನೊಂದು ರನ್‌ವೇ ಮೇಲೆ ಗುರುತು ತಂದು ನಿಲ್ಲಿಸಿ. ಐದು ಕಿಲೋಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಂತ 2ಕ್ಕೆ ವಾಪಸ್ ಹೋಗಿ.

ಹಂತ 4: ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ

267 ಕಿ.ಮೀ. ಎಂಬುದು ಕನಿಷ್ಠ ದೂರ. ನಿಜವಾಗಿ ಹಾರುವುದು ಅದಕ್ಕಿಂತ ಜಾಸ್ತಿ, ಅದಕ್ಕೆ ಮುಖ್ಯ ಕಾರಣ ರನ್‌ವೇಗಳ ದಿಕ್ಕು.

ಹುಬ್ಬಳ್ಳಿಯ ರನ್‌ವೇ 08/26. ಈ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಕಿನ ಡಿಗ್ರಿ ಸಿಗುತ್ತದೆ. 80 ಎಂದರೆ ಹೆಚ್ಚುಕಡಿಮೆ ಪೂರ್ವ, 260 ಎಂದರೆ ಪಶ್ಚಿಮ. ನಾವು ಹೋಗಬೇಕಾದ್ದು ದಕ್ಷಿಣಕ್ಕೆ. ಅಂದರೆ ಯಾವ ಕಡೆ ಟೇಕಾಫ್ ಆದರೂ ವಿಮಾನ ಸುಮಾರು ಕಾಲು ಸುತ್ತು ತಿರುಗಲೇಬೇಕು.

ಮಂಗಳೂರಿನದು 06/24. ಗುಡ್ಡದ ತಲೆ ಸಮ ಮಾಡಿ ಕಟ್ಟಿದ, 2,450 ಮೀಟರ್ ಉದ್ದದ ರನ್‌ವೇ. 24ರ ಕಡೆಯಿಂದ ಇಳಿಯುವ ವಿಮಾನ ನೈಋತ್ಯಕ್ಕೆ ಮುಖ ಮಾಡಿರಬೇಕು. ಅದಕ್ಕಾಗಿ ಈಶಾನ್ಯದಲ್ಲಿ, ಅಂದರೆ ಘಟ್ಟದ ಕಡೆ ಹೋಗಿ ಸಾಲಿಗೆ ಬರಬೇಕು. 06ರ ಕಡೆಯಾದರೆ ಕಡಲಿನ ಕಡೆಯಿಂದ ಸುತ್ತಿ ಬರಬೇಕು, ಆಗ ಇನ್ನೂ ನಾಲ್ಕೈದು ನಿಮಿಷ ಸೇರುತ್ತದೆ. ಹುಬ್ಬಳ್ಳಿ ಕಡೆಯಿಂದ ಬರುವಾಗ ಕಿಟಕಿಯಲ್ಲಿ ಸಮುದ್ರ ಕಂಡು, ಇನ್ನೇನು ಇಳಿದೆವು ಅಂದುಕೊಳ್ಳುವಷ್ಟರಲ್ಲಿ ವಿಮಾನ ವಾಲಿ ತಿರುಗಿದರೆ ಗಾಬರಿ ಬೇಡ. ರನ್‌ವೇಗೆ ಸಾಲು ಹಿಡಿಯುವ ಕೆಲಸ ಅದು.

ಇಂಥ ಸುತ್ತುಗಳಿಗೆಂದು ನೇರ ದೂರಕ್ಕೆ 15ರಿಂದ 20 ನಾಟಿಕಲ್ ಮೈಲಿ ಸೇರಿಸಿಕೊಳ್ಳಿ. ಹತ್ತಿರದ ಊರುಗಳಿಗೆ ಇದು ದೊಡ್ಡ ಪಾಲು. ದೆಹಲಿಗೆ ಹೋಗುವಾಗ ಇದೇ 20 ಮೈಲಿ ಗೊತ್ತೇ ಆಗುವುದಿಲ್ಲ.

ಹಂತ 5: ಹಾರಾಟದ ಸಮಯವನ್ನು ತುಂಡು ಮಾಡಿ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲಿಯೇ. ಇಂಥ ದಾರಿಗಳಲ್ಲಿ ಹಾರುವುದು ಹೆಚ್ಚಾಗಿ ಎಟಿಆರ್ 72-600, ರೆಕ್ಕೆಯ ಮೇಲೆ ಎರಡು ಪ್ರೊಪೆಲ್ಲರ್ ಇರುವ ವಿಮಾನ. ಇಂಡಿಗೋದ ಎಟಿಆರ್‌ನಲ್ಲಿ 78 ಸೀಟು. ಅದರ ಗರಿಷ್ಠ ಕ್ರೂಸ್ ವೇಗ, ಅಂದರೆ ಮೇಲೇರಿದ ನಂತರ ಒಂದೇ ಎತ್ತರದಲ್ಲಿ ಹಾರುವಾಗಿನ ವೇಗ, ಸುಮಾರು 275 ನಾಟ್. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಹಾಗಾಗಿ ಇದು ಗಂಟೆಗೆ 510 ಕಿ.ಮೀ. 267ನ್ನು 510ರಿಂದ ಭಾಗಿಸಿದರೆ 31 ನಿಮಿಷ. ಆದರೆ ವಿಮಾನ ಆ ವೇಗದಲ್ಲಿ ಹೋಗುವುದು ದಾರಿಯ ಮೂರನೇ ಒಂದು ಭಾಗ ಮಾತ್ರ. ಮಿಕ್ಕಿದ್ದೆಲ್ಲ ಏರುವುದು, ಇಳಿಯುವುದು.

ಏರುವುದು: ಹುಬ್ಬಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ವಿಮಾನ 16,000 ಅಡಿಗೆ ಹೋಗುತ್ತದೆ ಎಂದುಕೊಳ್ಳೋಣ. ನಿಮಿಷಕ್ಕೆ ಸರಾಸರಿ 1,000 ಅಡಿಯಂತೆ 14 ನಿಮಿಷ. ಈ ಹೊತ್ತಿನಲ್ಲಿ ಸರಾಸರಿ ವೇಗ 195 ನಾಟ್ ಹಿಡಿದರೆ ಸುಮಾರು 45 ನಾಟಿಕಲ್ ಮೈಲಿ ದಾಟಿರುತ್ತದೆ.

16,000 ಅಡಿಯನ್ನೇ ಯಾಕೆ ಹಿಡಿದೆ ಎಂದು ಕೇಳಬಹುದು. ಎದುರುಬದುರು ಬರುವ ವಿಮಾನಗಳು ಒಂದೇ ಎತ್ತರದಲ್ಲಿ ಇರಬಾರದೆಂದು ನಿಯಮ ಇದೆ. ದಿಕ್ಸೂಚಿಯಲ್ಲಿ 0ಯಿಂದ 179 ಡಿಗ್ರಿ ಕಡೆ ಹೋಗುವವು ಬೆಸ ಸಾವಿರದಲ್ಲಿ, 180ರಿಂದ 359ರ ಕಡೆ ಹೋಗುವವು ಸಮ ಸಾವಿರದಲ್ಲಿ ಹಾರಬೇಕು. ಹುಬ್ಬಳ್ಳಿಯಿಂದ ಮಂಗಳೂರಿನ ದಿಕ್ಕು ಸುಮಾರು 184 ಡಿಗ್ರಿ, ಹಾಗಾಗಿ ಸಮ. ವಾಪಸ್ ಬರುವಾಗ 4 ಡಿಗ್ರಿ, ಆಗ 15,000 ಅಥವಾ 17,000.

ಇಳಿಯುವುದು: ಪೈಲಟ್‌ಗಳ ಬಾಯಿಲೆಕ್ಕ ಸುಲಭ. ಪ್ರತಿ 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕು. ಮಂಗಳೂರು ನಿಲ್ದಾಣ 340 ಅಡಿಯಷ್ಟು ಎತ್ತರದಲ್ಲಿರುವುದರಿಂದ 16,000ದಿಂದ ಇಳಿಯಲು ಸುಮಾರು 47 ಮೈಲಿ. ಸರಾಸರಿ 220 ನಾಟ್ ವೇಗದಲ್ಲಿ 13 ನಿಮಿಷ. ಅಂದರೆ ಮಂಗಳೂರು ಇನ್ನೂ 85 ಕಿ.ಮೀ. ದೂರ ಇರುವಾಗಲೇ ವಿಮಾನ ಇಳಿಯಲು ಶುರು ಮಾಡುತ್ತದೆ. ಕೆಳಗೆ ಕುಂದಾಪುರ ಇನ್ನೂ ಬಂದಿರುವುದಿಲ್ಲ.

ನಡುವೆ ಉಳಿದದ್ದು: 144ರಲ್ಲಿ 45 ಮತ್ತು 47 ಕಳೆದರೆ 52 ಮೈಲಿ. 270 ನಾಟ್‌ನಲ್ಲಿ ಬರೀ 11–12 ನಿಮಿಷ.

ರನ್‌ವೇಗೆ ಸಾಲು ಹಿಡಿಯುವ ಸುತ್ತು: 15–20 ಮೈಲಿ, ನಿಧಾನ ವೇಗದಲ್ಲಿ 6 ನಿಮಿಷ.

ಎಲ್ಲ ಕೂಡಿಸಿ: 14, 12, 13, 6. ಒಟ್ಟು 45 ನಿಮಿಷ ಗಾಳಿಯಲ್ಲಿ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದಿದ್ದರೆ ಒಂದು ಸುಲಭ ಸೂತ್ರ: ದೂರವನ್ನು ಕ್ರೂಸ್ ವೇಗದಿಂದ ಭಾಗಿಸಿ, 30 ನಿಮಿಷ ಕೂಡಿಸಿ. ಎಟಿಆರ್‌ಗೆ 31ಕ್ಕೆ 30 ಸೇರಿ 61 ನಿಮಿಷ. ಇದರಲ್ಲಿ ನೆಲದ ಮೇಲೆ ಓಡಾಡುವ ಹೊತ್ತೂ ಸೇರಿದೆ. ಇದೇ ದಾರಿಗೆ ಏರ್‌ಬಸ್ ಎ320 ಜೆಟ್ ಬಂದರೆ? ಅದರ ವೇಗ 800 ಕಿ.ಮೀ. ದಾಟುತ್ತದೆ. 20ಕ್ಕೆ 30 ಸೇರಿ 50 ನಿಮಿಷ. ವೇಗ ಒಂದೂವರೆ ಪಟ್ಟಿಗಿಂತ ಜಾಸ್ತಿ, ಉಳಿತಾಯ ಹತ್ತೇ ನಿಮಿಷ. ಹತ್ತಿರದ ಊರಿಗೆ ಜೆಟ್ ತನ್ನ ಪೂರ್ತಿ ಎತ್ತರಕ್ಕೆ ಹೋಗುವ ಮೊದಲೇ ಇಳಿಯಬೇಕಾಗುತ್ತದೆ. ಹಾಗಾಗಿ ಎಟಿಆರ್ ಎಂದು ಮೂಗು ಮುರಿಯಬೇಡಿ. ನಮ್ಮ ಜಿಲ್ಲಾ ಊರುಗಳನ್ನು ಜೋಡಿಸಲು ಅದೇ ತಕ್ಕ ವಿಮಾನ, ಇಂಧನವೂ ಕಡಿಮೆ ಸಾಕು.

ಹಂತ 6: ಗಾಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮೇಲೆ ಪಶ್ಚಿಮದ ಗಾಳಿ ಜೋರು. ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದ ಸುತ್ತ 30 ನಾಟ್ ಇರುವುದು ವಿಶೇಷವೇನಲ್ಲ. ಹುಬ್ಬಳ್ಳಿ–ಮಂಗಳೂರು ಉತ್ತರ–ದಕ್ಷಿಣ ದಾರಿಯಾದ್ದರಿಂದ ಇದು ಅಡ್ಡಗಾಳಿ. ಮೂಗನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸಿ ಹಾರಿದರೆ ಆಯಿತು, 275 ನಾಟ್ ವೇಗದಲ್ಲಿ ಕಳೆದುಹೋಗುವುದು ಒಂದೆರಡು ನಾಟ್.

ಬೆಂಗಳೂರು–ಮಂಗಳೂರು ದಾರಿಗೆ ಮಾತ್ರ ಅದೇ ಗಾಳಿ ನೇರ ಎದುರುಗಾಳಿ. ಆ ದೂರ 165 ನಾಟಿಕಲ್ ಮೈಲಿ. 275 ನಾಟ್‌ನಲ್ಲಿ 36 ನಿಮಿಷ, ಗಾಳಿ 30 ನಾಟ್ ಕಿತ್ತುಕೊಂಡರೆ 245 ನಾಟ್‌ನಲ್ಲಿ 40 ನಿಮಿಷ. ದಾರಿಯುದ್ದಕ್ಕೂ ಅಷ್ಟೇ ಗಾಳಿ ಇದ್ದರೂ ನಾಲ್ಕು ನಿಮಿಷ. ಅಂದರೆ ಹತ್ತಿರದ ಹಾರಾಟದಲ್ಲಿ ಗಾಳಿಯ ವೇಗಕ್ಕೆ ಹೆದರಬೇಕಿಲ್ಲ. ಮಳೆಗಾಲದಲ್ಲಿ ಹೊತ್ತು ತಿನ್ನುವುದು ಬೇರೆ: ಮಂಗಳೂರಿನ ಗುಡ್ಡದ ಮೇಲೆ ಮೋಡ ಕೂತು ರನ್‌ವೇ ಕಾಣದಿದ್ದಾಗ ವಿಮಾನ ಆಕಾಶದಲ್ಲೇ ಸುತ್ತುತ್ತಾ ಕಾಯಬೇಕು. ಆಗಲೂ ತಿಳಿಯಾಗದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಹೋಗಿ ಇಳಿಯಬೇಕು. ಜುಲೈನಲ್ಲಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇದ್ದರೆ, ವಿದೇಶದ ವಿಮಾನ ಹಿಡಿಯುವುದಿದ್ದರೆ, ಒಂದು ದಿನ ಮುಂಚೆ ಹೋಗಿ. ಲೆಕ್ಕದಲ್ಲಿ ನಿಮಿಷ ಉಳಿಸಿದವರು ಮಳೆಗಾಲದಲ್ಲಿ ದಿನ ಕಳೆದುಕೊಳ್ಳಬಾರದು.

ಹಂತ 7: ಟಿಕೆಟ್‌ನಲ್ಲಿರುವ ಸಮಯ ಯಾವುದು?

ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್. ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದು ವಿಮಾನ ಅಲುಗಿದ ಕ್ಷಣದಿಂದ, ಇನ್ನೊಂದು ಕಡೆ ನಿಂತು ಅಡ್ಡಗಟ್ಟೆ ಕೊಡುವ ಕ್ಷಣದವರೆಗೆ. ಹುಬ್ಬಳ್ಳಿ, ಮಂಗಳೂರಿನಂಥ ಕಡೆ ನೆಲದ ಓಡಾಟಕ್ಕೆ ಐದೈದು ನಿಮಿಷ ಸಾಕು. ನಮ್ಮ 45ಕ್ಕೆ 10 ಸೇರಿದರೆ 55. ಇದರ ಮೇಲೆ ಕಂಪನಿಯವರು ತಡವಾದರೂ ಸಮಯಕ್ಕೆ ತಲುಪಿದೆವು ಎನ್ನಲು ಐದು ಹತ್ತು ನಿಮಿಷ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ವೇಳಾಪಟ್ಟಿಯಲ್ಲಿ ಒಂದು ಗಂಟೆಯಿಂದ ಒಂದು ಗಂಟೆ ಹತ್ತು ನಿಮಿಷ ಕಂಡರೆ ಅದು ಸರಿಯಾಗಿದೆ ಎಂದು ತಿಳಿಯಿರಿ. ಬೆಂಗಳೂರಿನಲ್ಲಿ ನೆಲದ ಓಡಾಟವೇ 15–20 ನಿಮಿಷ ಆಗಬಹುದು.

ನಿಜವಾಗಿ ಎಷ್ಟು ಹೊತ್ತು ಹಾರುತ್ತಿದೆ ಎಂದು ನೋಡಲು ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ವಿಮಾನದ ನಂಬರ್ ಹಾಕಿ. ಹಿಂದಿನ ಕೆಲವು ದಿನಗಳ ಟೇಕಾಫ್, ಲ್ಯಾಂಡಿಂಗ್ ಸಮಯ ಸಿಗುತ್ತದೆ. ಒಂದು ದಿನದ್ದನ್ನು ನೋಡಿ ನಿರ್ಧರಿಸಬೇಡಿ, ವಾರದ್ದು ನೋಡಿ. ಹಾರಿದ ದಾರಿಯ ಗೆರೆಯನ್ನೂ ತೋರಿಸುವುದರಿಂದ ರನ್‌ವೇಯ ಯಾವ ಕಡೆ ಇಳಿಯಿತು ಎಂಬುದೂ ಗೊತ್ತಾಗುತ್ತದೆ.

ಹಂತ 8: ನೇರ ವಿಮಾನ ಇಲ್ಲದಿದ್ದರೆ

ಪ್ರಾದೇಶಿಕ ದಾರಿಗಳು ಬರುತ್ತವೆ, ಹೋಗುತ್ತವೆ. ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ಹೋದ ವರ್ಷ ನೆಂಟರು ನೇರವಾಗಿ ಹೋಗಿದ್ದರು ಎಂಬ ಮಾತನ್ನು ನಂಬಿ ಹೊರಡಬೇಡಿ. ನಿಮ್ಮ ದಿನಾಂಕ ಹಾಕಿ, ತಡೆರಹಿತ ವಿಮಾನ ಮಾತ್ರ ತೋರಿಸುವಂತೆ ಆರಿಸಿ ನೋಡಿ. ಕೆಲವು ದಾರಿಗಳಲ್ಲಿ ವಾರದ ಕೆಲವೇ ದಿನ ವಿಮಾನ ಇರುತ್ತದೆ, ಹಾಗಾಗಿ ಹಿಂದಿನ, ಮುಂದಿನ ದಿನಗಳನ್ನೂ ನೋಡಿ.

ಇಲ್ಲದಿದ್ದರೆ ಬೆಂಗಳೂರಿನ ಮೇಲೆ ಹೋಗಬೇಕು. ಅದೇ ಸೂತ್ರದಲ್ಲಿ ಲೆಕ್ಕ ಹಾಕೋಣ. ಹುಬ್ಬಳ್ಳಿ–ಬೆಂಗಳೂರು: ಉತ್ತರ–ದಕ್ಷಿಣ 130, ಪೂರ್ವ–ಪಶ್ಚಿಮ 153, ಒಟ್ಟು 200 ನಾಟಿಕಲ್ ಮೈಲಿ, 371 ಕಿ.ಮೀ. ಬೆಂಗಳೂರು–ಮಂಗಳೂರು 306 ಕಿ.ಮೀ. ಎರಡೂ ಸೇರಿ 677. ನೇರ ದೂರದ ಎರಡೂವರೆ ಪಟ್ಟು. ಮೊದಲ ಹಾರಾಟಕ್ಕೆ ಎಟಿಆರ್‌ನಲ್ಲಿ ಒಂದೂಕಾಲು ಗಂಟೆ, ಎರಡನೆಯದಕ್ಕೆ ಒಂದು ಗಂಟೆ ಐದು ನಿಮಿಷ. ವಿಮಾನದೊಳಗೆ 2 ಗಂಟೆ 20 ನಿಮಿಷ.

ನಡುವಿನ ಕಾಯುವಿಕೆ ಎಷ್ಟಿರಬೇಕು ಎಂಬುದು ಟಿಕೆಟ್ ಹೇಗೆ ತೆಗೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಬ್ಯಾಗನ್ನು ಕಂಪನಿಯೇ ಮುಂದಿನ ವಿಮಾನಕ್ಕೆ ಸಾಗಿಸುತ್ತದೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆಯೂ ಅವರದೇ. ಒಂದೂವರೆ ಗಂಟೆ ಸಾಕಾಗಬಹುದು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಕಥೆ ಬೇರೆ. ಬೆಲ್ಟ್ ಹತ್ತಿರ ನಿಂತು ಬ್ಯಾಗ್ ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಕೌಂಟರ್‌ನಲ್ಲಿ ಕೊಡಬೇಕು. ಆ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇರುವುದರಿಂದ, ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವುದಾದರೆ ಶಟಲ್ ಬಸ್ಸಿನ ಹೊತ್ತೂ ಸೇರುತ್ತದೆ. ಹೀಗಿದ್ದಾಗ ಮೂರು ಗಂಟೆಗಿಂತ ಕಡಿಮೆ ಅಂತರ ಇಡಬೇಡಿ. ವಯಸ್ಸಾದವರು ಜೊತೆಗಿದ್ದರೆ ಮುನ್ನೂರು ನಾನೂರು ರೂಪಾಯಿ ಜಾಸ್ತಿಯಾದರೂ ಒಂದೇ ಪಿಎನ್‌ಆರ್ ಟಿಕೆಟ್ಟನ್ನೇ ತೆಗೆದುಕೊಳ್ಳಿ, ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿ.

ಹಂತ 9: ಬಾಗಿಲಿನಿಂದ ಬಾಗಿಲಿಗೆ

ಈಗ ಹಾಳೆಯ ಮೇಲೆ ಎರಡು ಸಾಲು ಬರೆಯಿರಿ.

ನೇರ ವಿಮಾನ: ಹುಬ್ಬಳ್ಳಿ ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ. ಹೊರಡುವ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಬ್ಲಾಕ್ ಟೈಮ್ ಒಂದು ಗಂಟೆ ಐದು ನಿಮಿಷ. ಇಳಿದು ಬ್ಯಾಗ್ ಬರಲು 20 ನಿಮಿಷ. ಬಜ್ಪೆ ಕಡೆಯ ನಿಲ್ದಾಣದಿಂದ ಮಂಗಳೂರು ಪೇಟೆಗೆ ಸುಮಾರು 13 ಕಿ.ಮೀ., ಅದಕ್ಕೆ 40 ನಿಮಿಷ. ಒಟ್ಟು ನಾಲ್ಕು ಗಂಟೆ ಐದು ನಿಮಿಷ. ಇದರಲ್ಲಿ ಗಾಳಿಯಲ್ಲಿದ್ದದ್ದು ಮುಕ್ಕಾಲು ಗಂಟೆ.

ಬೆಂಗಳೂರಿನ ಮೇಲೆ: ಮೇಲಿನ ಎಲ್ಲದರ ಜೊತೆ ಇನ್ನೊಂದು ಹಾರಾಟ, ಕಾಯುವಿಕೆ. ಒಂದೂವರೆ ಗಂಟೆಯ ಅಂತರಕ್ಕೆ ಆರು ಮುಕ್ಕಾಲು ಗಂಟೆ, ಮೂರು ಗಂಟೆಯ ಅಂತರಕ್ಕೆ ಎಂಟು ದಾಟುತ್ತದೆ.

ರಸ್ತೆಯಲ್ಲಿ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಉಡುಪಿ ದಾರಿಯಾಗಿ ಸುಮಾರು 350 ಕಿ.ಮೀ. ಕಾರಿನಲ್ಲಿ ಏಳೆಂಟು ಗಂಟೆ. ವಿಜಯಪುರ–ಮಂಗಳೂರು ರೈಲು ಹುಬ್ಬಳ್ಳಿ, ಹಾಸನ, ಸಕಲೇಶಪುರದ ಮೇಲೆ ರಾತ್ರಿ ಹೋಗುತ್ತದೆ, ಮಲಗಿ ಹೋಗುವವರಿಗೆ ಅನುಕೂಲ.

ಪಕ್ಕಪಕ್ಕದಲ್ಲಿ ಬರೆದ ಮೇಲೆ ನಿರ್ಧಾರ ತಾನೇ ಕಾಣುತ್ತದೆ. ನೇರ ವಿಮಾನ ಇದ್ದರೆ ಬೇರೆ ಯೋಚನೆ ಬೇಡ. ಬೆಂಗಳೂರಿನ ಮೇಲಿನ ಟಿಕೆಟ್ ಎಂಟು ಗಂಟೆ ಆಗುವುದಾದರೆ, ನಾಲ್ಕು ಜನರ ಮನೆಯವರು ಕಾರಿನಲ್ಲೇ ಹೋಗುವುದು ಲೇಸು. ದುಡ್ಡೂ ಉಳಿಯುತ್ತದೆ, ದಾರಿಯಲ್ಲಿ ಮುರುಡೇಶ್ವರವೂ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಹೊರಡುವ ಮುಂಚೆ ಘಟ್ಟದ ಸ್ಥಿತಿ ವಿಚಾರಿಸಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು.

ಹಂತ 10: ಬ್ಲಾಕ್ ಟೈಮ್ ಬರೆದಿಟ್ಟುಕೊಳ್ಳಿ

ಕೊನೆಯ ಕೆಲಸ, ಬಹಳ ಜನ ಬಿಟ್ಟುಬಿಡುವ ಕೆಲಸ. ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮದಲ್ಲಿ ಪ್ರಯಾಣಿಕರ ಹಕ್ಕುಗಳಿಗೆ ಬ್ಲಾಕ್ ಟೈಮೇ ಆಧಾರ. ಎರಡೂವರೆ ಗಂಟೆವರೆಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ, ಸಮಯಕ್ಕೆ ಚೆಕ್‌ಇನ್ ಆದವರಿಗೆ ತಿಂಡಿ, ಊಟ ಕೊಡಬೇಕು. ಆರು ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು.

ಸರಿಯಾದ ಮುನ್ಸೂಚನೆ ಕೊಡದೆ ಹಾರಾಟ ರದ್ದು ಮಾಡಿದಾಗಿನ ಪರಿಹಾರವೂ ಇದರ ಮೇಲೇ ನಿಂತಿದೆ. ಬ್ಲಾಕ್ ಟೈಮ್ ಒಂದು ಗಂಟೆವರೆಗೆ ಇದ್ದರೆ 5,000 ರೂ., ಒಂದರಿಂದ ಎರಡು ಗಂಟೆಗೆ 7,500 ರೂ., ಎರಡು ಗಂಟೆ ಮೀರಿದರೆ 10,000 ರೂ. ಈ ಮೊತ್ತ ಅಥವಾ ಮೂಲ ದರಕ್ಕೆ ಇಂಧನ ಶುಲ್ಕ ಸೇರಿಸಿದ ಮೊತ್ತ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಈ ಪರಿಹಾರ ಇಲ್ಲ. ಹುಬ್ಬಳ್ಳಿ–ಮಂಗಳೂರಿನಂಥ ದಾರಿ ಸರಿಯಾಗಿ ಈ ಒಂದು ಗಂಟೆಯ ಗಡಿಯಲ್ಲೇ ಬರುತ್ತದೆ. ವೇಳಾಪಟ್ಟಿಯಲ್ಲಿ 1 ಗಂಟೆ ಎಂದಿದ್ದರೆ ಒಂದು ಲೆಕ್ಕ, 1 ಗಂಟೆ 5 ನಿಮಿಷ ಎಂದಿದ್ದರೆ ಇನ್ನೊಂದು. ಬುಕ್ ಮಾಡಿದ ದಿನವೇ ಹೊರಡುವ, ತಲುಪುವ ಸಮಯ ಕಾಣುವಂತೆ ಟಿಕೆಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಬುಕ್ ಮಾಡುವಾಗ ನಿಮ್ಮ ಸ್ವಂತ ಮೊಬೈಲ್ ನಂಬರ್ ಕೊಡಿ, ಏಜೆಂಟರದ್ದಲ್ಲ. ರದ್ದಾದ ಸುದ್ದಿ ಬರುವುದು ಆ ನಂಬರ್‌ಗೆ. ನಂಬರ್ ಕೊಡದ ಕಾರಣ ಸುದ್ದಿ ಮುಟ್ಟಲಿಲ್ಲ ಎಂದಾದರೆ ಪರಿಹಾರ ಕೇಳಲು ಬರುವುದಿಲ್ಲ.